ಕೊಯ್ಲಿಗೂ ಮೊದಲೇ ಒಂದು ಥ್ಯಾಂಕ್ಸ್

ಶರದೃತು ಅಂದ ಕೂಡಲೇ ನಮ್ಮ ಆಫೀಸಿನ ವಾಲ್‌ಪೇಪರ್‌ಗಳೆಲ್ಲಾ ಕೆಂಪು, ಹಳದಿ ಎಲೆ ಉದುರಿಸೋಕೆ ಶುರು ಮಾಡ್ತವೆ. ಚೆಂದವೇ, ಆದ್ರೆ ಅದು ನಮ್ಮೂರಿನ ಶರತ್ಕಾಲ ಅಲ್ಲ. ಸಾಗರದ ಕಡೆ ಈ ಹೊತ್ತಿಗೆ ಭತ್ತದ ಗದ್ದೆ ಬಸುರಾಗಿರುತ್ತೆ.

ನಿಜವಾಗಿಯೂ ನಾವು ಹೇಳೋದೇ ಹಾಗೆ. ಹಸ್ತ, ಚಿತ್ತೆ ಮಳೆಯ ಆಸುಪಾಸು ಭತ್ತ ಹೊಡೆಯಾಗುತ್ತೆ, ತೆನೆ ಇನ್ನೂ ಒಳಗೇ ಇರುತ್ತೆ. ಬಸುರಿಗೆ ಬಯಕೆ ಊಟ ಬಡಿಸಬೇಕಲ್ಲ? ಅದಕ್ಕೇ ಆಶ್ವಯುಜದ ಹುಣ್ಣಿಮೆಯ ದಿನ ಭೂಮಿತಾಯಿಗೆ ಸೀಮಂತ. ನಮಗದು ಭೂಮಿ ಹುಣ್ಣಿಮೆ, ಉತ್ತರ ಕರ್ನಾಟಕದ ಗೆಳೆಯರಿಗೆ ಶೀಗಿ ಹುಣ್ಣಿಮೆ.

ಅಮ್ಮ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೀತಾಳೆ. ರಾತ್ರಿಯಿಡೀ ಅಡುಗೆ. ಸಿಕ್ಕ ಸೊಪ್ಪನ್ನೆಲ್ಲಾ ಬೆರೆಸಿ ಬೇಯಿಸಿದ ಹಚ್ಚಂಬಲಿಯನ್ನ ಅಪ್ಪ ಬೆಳಕು ಹರಿಯೋ ಮೊದಲೇ ಗದ್ದೆಗೆಲ್ಲಾ ಬೀರಿ ಬರ್ತಾನೆ. ಆಮೇಲೆ ಪೂಜೆ, ಎಡೆ. ಒಂದು ಪಾಲು ಕಾಗೆಗೆ, ಒಂದು ಇಲಿಗೆ. ಒಂದು ಕಡುಬನ್ನ ಮಣ್ಣಲ್ಲೇ ಹೂಳ್ತಾರೆ. ನಮ್ಮ ಊಟವೂ ಅಲ್ಲೇ, ಗದ್ದೆ ಬದುವಿನ ಮೇಲೆ.

ನನಗೆ ಆಶ್ಚರ್ಯ ಅನ್ನಿಸೋದು ಇದೆಲ್ಲಾ ನಡೆಯೋ ಸಮಯ. ಕೊಯ್ಲಿಗೆ ಇನ್ನೂ ವಾರಗಳಿವೆ. ಮಳೆ ಬಂದು ಪೈರು ಮಲಗಬಹುದು, ಬೆಂಕಿರೋಗ ಬರಬಹುದು, ಅದೇ ಇಲಿ ಬುಡ ಕತ್ತರಿಸಲೂಬಹುದು. ನಮ್ಮಲ್ಲಿ ರಿಲೀಸ್ ಸರಿಯಾಗಿ ಹೋದ್ರೆ ಮಾತ್ರ ಎಲ್ಲರಿಗೂ ಥ್ಯಾಂಕ್ಸ್ ಮೇಲ್ ಬರುತ್ತೆ. ಎಡವಟ್ಟಾದ್ರೆ ಅಷ್ಟೇ ರಾತ್ರಿ ನಿದ್ದೆಗೆಟ್ಟವರಿಗೆ ಬರೋದು ಮೀಟಿಂಗ್ ಇನ್ವೈಟ್ :) ರೈತ ಮಾತ್ರ ಫಲಿತಾಂಶ ಗೊತ್ತಿಲ್ಲದೇ ಬಡಿಸ್ತಾನೆ. ಇಲ್ಲೀವರೆಗೆ ಹೊತ್ತಿದ್ದೀಯಲ್ಲ ತಾಯಿ, ಅದಕ್ಕೇ ಈ ಊಟ ಅನ್ನೋ ಹಾಗೆ.

ಈ ಸಲ ಇದೆಲ್ಲಾ ಯಾಕೆ ತಲೇಲಿ ಸುತ್ತುತ್ತಿದೆ ಅಂದ್ರೆ, ಮೊನ್ನೆ ಫೋನಿನಲ್ಲಿ ಅಪ್ಪ "ನಾಟಿಗೆ ಜನ ಸಿಗಲ್ಲ ಮಾರಾಯ, ಬರೋ ವರ್ಷ ಗದ್ದೆಗೂ ಅಡಿಕೆ ಸಸಿ ಇಟ್ಟುಬಿಡಣ" ಅಂದ. ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಅಡಿಕೆ ತೋಟವೇ. ನಾಟಿಗೆ ಬಗ್ಗಬೇಕಾಗಿದ್ದ ಎರಡು ಕೈ ಇಲ್ಲಿ ಬೆಂಗಳೂರಲ್ಲಿ ಕೀಬೋರ್ಡ್ ಕುಟ್ತಾ ಇವೆ. ಸುತ್ತಮುತ್ತ ಎಷ್ಟೋ ಗದ್ದೆಗಳು ಆಗಲೇ ತೋಟವಾಗಿವೆ. ತೋಟದಲ್ಲೂ ಭೂಮಿ ಪೂಜೆ ಮಾಡ್ತಾರೆ, ಹಬ್ಬವೇನೂ ನಿಲ್ಲಲ್ಲ. ಆದ್ರೂ ಹೊಡೆ ತುಂಬಿದ ಪೈರಿನ ಆ ಹಸಿ ವಾಸನೆ ಅಡಿಕೆ ಮರದಡಿ ಎಲ್ಲಿ ಸಿಗಬೇಕು?

ನಮ್ಮ ಮನೇಲಿ ಯಾರೂ ಯಾರಿಗೂ ಥ್ಯಾಂಕ್ಸ್ ಹೇಳಲ್ಲ, ಇನ್ನೊಂದು ಸೌಟು ಬಡಿಸ್ತಾರೆ ಅಷ್ಟೇ. ತಂಗಿ ಪರೀಕ್ಷೆ ಬರೆದು ರಿಸಲ್ಟ್ ಕಾಯ್ತಿದ್ದಾಳೆ. ಅವಳಿಗೊಂದು ಸೀರೆ ಈಗಲೇ ತಗೊಂಡಿದ್ದೀನಿ, ರಿಸಲ್ಟ್ ಬಂದಾಗ ಬರಲಿ. ಹುಣ್ಣಿಮೆಗೆ ರಜೆಯನ್ನೂ ಹಾಕಿದ್ದೀನಿ. ಈ ಸಲ ಹಚ್ಚಂಬಲಿ ಬೀರೋಕೆ ಅಪ್ಪನ ಜೊತೆ ನಾನೂ ಹೋಗ್ತೀನಿ. ಗದ್ದೆಗೆ ಇದೇ ಕೊನೆಯ ಬಯಕೆ ಊಟವೋ ಏನೋ, ಇಷ್ಟು ವರ್ಷ ಉಣಿಸಿದ್ದಕ್ಕೆ ಒಂದು ಹಿಡಿಯಾದರೂ ನನ್ನ ಕೈಯಿಂದ ಬೀಳಲಿ.

ನಿಮ್ಮ ಕಡೆ ಈ ಹುಣ್ಣಿಮೆಗೆ ಏನು ಮಾಡ್ತಾರೆ? ಹೇಳ್ತೀರಲ್ಲ?