ಬಚ್ಚಲಿಗೆ ಹರಿಯುವ ಯೂನಿಟ್ಟು

ಕರೆಂಟು ಉಳಿಸುವುದೆಂದರೆ ನಮ್ಮ ಮನೆಗಳಲ್ಲಿ ದೀಪ ಆರಿಸುವುದು ಎಂದೇ ಅರ್ಥ. ಲೈಟು ಹಾಕಿಟ್ಟು ರೂಮಿನಿಂದ ಹೊರಬಂದವರನ್ನು ಹಿರಿಯರ ಬೈಗುಳ ಬಾಗಿಲವರೆಗೂ ಅಟ್ಟಿಸಿಕೊಂಡು ಬರುತ್ತದೆ. ಅದೇ ಹೊತ್ತಿಗೆ ಬಚ್ಚಲುಮನೆಯ ಗೀಸರಿನ ಕೆಂಪು ಚುಕ್ಕೆ ಮುಕ್ಕಾಲು ಗಂಟೆಯಿಂದ ಉರಿಯುತ್ತಿದ್ದರೂ ಅದರ ಮೇಲೆ ಯಾರಿಗೂ ಸಿಟ್ಟಿಲ್ಲ. ಅಡಿಕೆ ಕದ್ದವನನ್ನು ಕಂಬಕ್ಕೆ ಕಟ್ಟಿ ಆನೆ ಕದ್ದವನಿಗೆ ಕಾಫಿ ಕೊಟ್ಟ ಹಾಗೆ ಈ ನ್ಯಾಯ. ಕಣ್ಣಿಗೆ ಕುಕ್ಕುವುದೇ ಖರ್ಚೆಂದು ನಾವು ನಂಬಿದ್ದೇವೆ. ಬಿಲ್ಲನ್ನು ಏರಿಸುವ ಶಾಖವಾದರೋ ಕಣ್ಣಿಗೆ ಬೀಳುವುದೇ ಇಲ್ಲ.

ಈ ನಂಬಿಕೆಗೆ ಒಂದು ಇತಿಹಾಸವಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಯಾರ ಮನೆಗೂ ಅಲ್ಲ, ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಅಲ್ಲಿ ಅದು ಯಂತ್ರ ತಿರುಗಿಸುವ ಗಟ್ಟಿ ಆಳು. ಬೆಂಗಳೂರಿನ ಬೀದಿಗೆ 1905ರಲ್ಲಿ ಬಂದಾಗ ಮಾತ್ರ ದೀಪದ ವೇಷ ತೊಟ್ಟಿತು. ಮನೆಗಳನ್ನು ಹೊಕ್ಕಿದ್ದೂ ಅದೇ ವೇಷದಲ್ಲಿ. ಹಳ್ಳಿಗಳಲ್ಲಂತೂ ದಶಕಗಳ ಕಾಲ ಕರೆಂಟೆಂದರೆ ನಡುಮನೆಯಲ್ಲಿ ನೇತಾಡುವ ಒಂದು ಬಲ್ಬು, ಅಷ್ಟೆ. ಆ ಕಾಲದ ಬೈಗುಳ ಸುಳ್ಳಲ್ಲ. 60 ವ್ಯಾಟಿನ ನಾಲ್ಕು ಬುರುಡೆ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 36 ಯೂನಿಟ್ಟು. ಆ ಬಲ್ಬು ತಿಂದ ಕರೆಂಟಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಶಾಖವಾಗಿ ಹೋಗುತ್ತಿತ್ತು. ಬೆಳಕು ಅದರ ಉಪ ಉತ್ಪನ್ನ ಎಂದರೂ ನಡೆದೀತು. 2015ರಲ್ಲಿ ಶುರುವಾದ ಉಜಾಲಾ ಯೋಜನೆ ಎಲ್‌ಇಡಿ ಬಲ್ಬನ್ನು ಅಗ್ಗದ ದರದಲ್ಲಿ ಮನೆಮನೆಗೆ ತಲುಪಿಸಿತು. 9 ವ್ಯಾಟಿನ ನಾಲ್ಕು ಬಲ್ಬು ಅಷ್ಟೇ ಹೊತ್ತು ಉರಿದರೆ ಈಗ ಐದೂವರೆ ಯೂನಿಟ್ಟೂ ಆಗದು. ಬಲ್ಬು ಬದಲಾಯಿತು, ಬೈಗುಳ ಹಾಗೇ ಉಳಿಯಿತು.

ಲೆಕ್ಕ ಬೇಸರವೆನ್ನುವವರು ಮೀಟರನ್ನೇ ಕೇಳಬಹುದು. ಹಳೆಯ ಮೀಟರಿನ ಅಲ್ಯುಮಿನಿಯಂ ತಟ್ಟೆ ತಿರುಗುವುದನ್ನು ನೋಡಿಯೇ ಮನೆಯಲ್ಲಿ ಏನು ಓಡುತ್ತಿದೆ ಎಂದು ಹೇಳುವವರಿದ್ದರು. ಈಗಿನ ಡಿಜಿಟಲ್ ಮೀಟರಿನಲ್ಲಿ ತಟ್ಟೆಯ ಬದಲು ಒಂದು ಪುಟ್ಟ ಕೆಂಪು ದೀಪ ಮಿಟುಕುತ್ತದೆ. ಎಷ್ಟು ಮಿಟುಕಿಗೆ ಒಂದು ಯೂನಿಟ್ಟು ಎಂಬುದನ್ನು ಮುಖಫಲಕದ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅದು 3200 ಎಂದಿಟ್ಟುಕೊಳ್ಳಿ. ಉಳಿದೆಲ್ಲವನ್ನೂ ಆರಿಸಿ ಒಂದೇ ಎಲ್‌ಇಡಿ ಬಲ್ಬು ಹಾಕಿ ನಿಂತರೆ ಎರಡು ಮಿಟುಕಿನ ನಡುವೆ ಎರಡು ನಿಮಿಷಕ್ಕೂ ತುಸು ಹೆಚ್ಚು ಕಾಯಬೇಕು. ಮೀಟರು ಕೆಟ್ಟಿದೆಯೇನೋ ಎಂಬ ಅನುಮಾನ ಬರುವಷ್ಟು ನಿಧಾನ. ಬಲ್ಬು ಆರಿಸಿ 2000 ವ್ಯಾಟಿನ ಗೀಸರು ಹಾಕಿದಿರೋ, ಎರಡು ಸೆಕೆಂಡಿನೊಳಗೇ ಮೂರು ಸಲ ಮಿಟುಕುತ್ತದೆ. ಟಿವಿಯ ಕೆಳಗೆ ಬೆಚ್ಚಗೆ ಕೂತಿರುವ ಸೆಟ್‌ಟಾಪ್ ಬಾಕ್ಸು ಇನ್ನೊಂದು ಬಗೆಯದು. ಹತ್ತು ವ್ಯಾಟಿನಂತೆ ಹಗಲಿರುಳು ಎಳೆದರೂ ತಿಂಗಳಿಗೆ ಏಳು ಯೂನಿಟ್ಟು, ಮನೆಯ ಆ ನಾಲ್ಕೂ ಬಲ್ಬಿಗಿಂತ ಹೆಚ್ಚು. ರಿಮೋಟಿನಿಂದ ಆರಿಸಿದವರು ಆರಿಸಿದೆವು ಎಂದುಕೊಂಡಿರುತ್ತಾರೆ, ಪಾಪ.

ಬಿಸಿನೀರಿಗೆ ದುಡ್ಡು ಕೊಡುವುದು ನಮಗೆ ಹೊಸ ಅಭ್ಯಾಸ. ಗೋಡೆಗೆ ಗೀಸರು ಬರುವ ಮುಂಚೆ ಬಚ್ಚಲಲ್ಲಿ ಹಂಡೆ ಇತ್ತು, ಅದರ ಕೆಳಗೆ ಒಲೆ. ತೆಂಗಿನ ಗರಿ, ಮಟ್ಟೆ, ಕರಟ, ಅಡಿಕೆ ಸಿಪ್ಪೆ, ತೋಟದಲ್ಲಿ ಬಿದ್ದ ಪುಳ್ಳೆ, ಹೀಗೆ ಸಂತೆಯಲ್ಲಿ ಯಾರೂ ಕೊಳ್ಳದ್ದೆಲ್ಲ ಅದಕ್ಕೆ ಉರುವಲು. ದೀಪಾವಳಿಯ ಮುನ್ನಾದಿನದ ನೀರು ತುಂಬುವ ಹಬ್ಬದಲ್ಲಿ ಆ ಹಂಡೆಯನ್ನು ಫಳಫಳ ತಿಕ್ಕಿ ಹೂವು ಬಳ್ಳಿ ಸುತ್ತಿ ಪೂಜೆ ಮಾಡುತ್ತಿದ್ದರು. ಇಂದಿಗೂ ಮಾಡುವ ಮನೆಗಳಿವೆ. ಆ ಪುಕ್ಕಟೆ ಬಿಸಿನೀರಿನ ಬೆಲೆಯನ್ನು ಹೆಂಗಸರ ಕಣ್ಣು, ಪುಪ್ಪುಸ ತೆತ್ತಿವೆ ಎಂಬುದನ್ನು ಮರೆತು ಹಂಡೆಯನ್ನು ಹೊಗಳಲಾರೆ. ಆದರೆ ಹಂಡೆಯ ಕಾಲದ ಧಾರಾಳ ಗೀಸರಿನ ಕಾಲಕ್ಕೂ ದಾಟಿತು ನೋಡಿ, ತಾಪತ್ರಯ ಅಲ್ಲಿದೆ. ಸುಡುಸುಡು ಕಾಯಿಸಿ, ಆಮೇಲೆ ಅಷ್ಟೇ ತಣ್ಣೀರು ಬೆರೆಸುವುದು ಬಚ್ಚಲೊಲೆಯ ಪದ್ಧತಿ. ಗೀಸರಿನಲ್ಲಿ ಹಾಗೆ ಕಾದು ಉಳಿದ ನೀರು ಮುಂದಿನ ಸ್ನಾನದ ಹೊತ್ತಿಗೆ ತನ್ನಷ್ಟಕ್ಕೆ ತಣಿದು, ಮತ್ತೆ ಕಾಯಬೇಕಾಗುತ್ತದೆ. 22 ಡಿಗ್ರಿಯ ಒಂದು ಬಕೆಟ್, ಅಂದರೆ 20 ಲೀಟರ್ ನೀರನ್ನು 40 ಡಿಗ್ರಿಗೆ ಏರಿಸಲು 0.42 ಯೂನಿಟ್ಟು ಬೇಕು. ನಾಲ್ಕು ಜನರ ಮನೆಯಲ್ಲಿ ಇದು ತಿಂಗಳಿಗೆ 50 ಯೂನಿಟ್ಟು. ತಣಿದು ಹೋಗುವ ಪಾಲು ಬೇರೆ. ನಾಲ್ಕು ಡಿಗ್ರಿ ಕಡಿಮೆ ಬಿಸಿಗೆ ಮೈ ಒಗ್ಗಿದರೆ ಅದರಲ್ಲಿ 11 ಯೂನಿಟ್ಟು ಉಳಿಯುತ್ತದೆ. ಮನೆಯ ದೀಪಗಳನ್ನೆಲ್ಲ ತಿಂಗಳಿಡೀ ಆರಿಸಿ ಕತ್ತಲಲ್ಲಿ ಕೂತರೂ ಇದರ ಅರ್ಧದಷ್ಟೇ.

ಗೃಹಜ್ಯೋತಿ ಬಂದ ಮೇಲೆ ಈ ಲೆಕ್ಕವೆಲ್ಲ ಯಾರಿಗೆ ಬೇಕು ಎಂದು ಕೇಳಬಹುದು. ಸೊನ್ನೆ ಬಿಲ್ಲು ಬರುವ ಮನೆಯವರು ಇನ್ನೂ ಹತ್ತು ಯೂನಿಟ್ಟು ಉಳಿಸಿದರೆ ಅವರ ಜೇಬಿಗೆ ಬಿಡಿಗಾಸೂ ಬರುವುದಿಲ್ಲ, ನಿಜ. ಉಳಿಯುವುದು ಸರ್ಕಾರದ ದುಡ್ಡು. ಆದರೆ 2023ರಲ್ಲಿ ಶುರುವಾದ ಈ ಯೋಜನೆ 200 ಯೂನಿಟ್ಟನ್ನು ಎಲ್ಲರಿಗೂ ಬಿಟ್ಟಿ ಕೊಡುವುದಿಲ್ಲ. ಹಿಂದಿನ ವರ್ಷದ ಸರಾಸರಿ ಬಳಕೆಗೆ ಹತ್ತು ಪರ್ಸೆಂಟ್ ಸೇರಿಸಿ ಮಿತಿ ಗೊತ್ತುಮಾಡಿದರು. ಮಿತಿ ಮೀರಿದ್ದಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸಿನ ದರದಲ್ಲಿ 201ನೇ ಯೂನಿಟ್ಟಿನ ಬೆಲೆ ಸಾವಿರ ರೂಪಾಯಿ ಮೀರುತ್ತದೆ. ಗಡಿಯಲ್ಲಿರುವ ಮನೆಗೆ ಬಿಸಿನೀರಿನ ಆ 11 ಯೂನಿಟ್ಟು ಎಷ್ಟು ಬಾಳುತ್ತದೆಂದು ಬೇರೆ ಹೇಳಬೇಕಿಲ್ಲ.

ಉಳಿತಾಯದ ಸಾಮಾನೇ ದುಬಾರಿ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಸೋಲಾರ್ ವಾಟರ್ ಹೀಟರಿಗೆ ಸ್ವಂತ ತಾರಸಿ ಬೇಕು, ಬಾಡಿಗೆಯವರಿಗೆ ಅದು ದಕ್ಕದು. ಮಲೆನಾಡಿನ ಮಳೆಗಾಲದಲ್ಲಿ ತಾರಸಿಯವರಿಗೂ ದಕ್ಕದು. ಆದರೆ ಫ್ಯಾನಿನ ಮಾತು ಬೇರೆ. 75 ವ್ಯಾಟಿನ ಹಳೆಯ ಫ್ಯಾನು ದಿನಕ್ಕೆ 15 ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 34 ಯೂನಿಟ್ಟು. ಬಿಎಲ್‌ಡಿಸಿ ಮೋಟಾರಿನ 30 ವ್ಯಾಟಿನದು 14ರೊಳಗೆ ಮುಗಿಸುತ್ತದೆ. ಬಿಲ್ಲು ಕಟ್ಟುವ ಮನೆಗೆ ತಿಂಗಳಿಗೆ ನೂರಿಪ್ಪತ್ತು ರೂಪಾಯಿ ಉಳಿತಾಯ. ಬೆಲೆಯಲ್ಲಿ ಸಾವಿರದೈನೂರು ಹೆಚ್ಚಾದರೂ ಒಂದು ವರ್ಷದ ಆಸುಪಾಸಿನಲ್ಲಿ ಅಸಲು ಕೈಗೆ ಬರುತ್ತದೆ. ಮನೆ ಖಾಲಿ ಮಾಡುವಾಗ ಬಿಚ್ಚಿಕೊಂಡೂ ಹೋಗಬಹುದು. ಎಲ್ಲ ಕೋಣೆಗೂ ಒಟ್ಟಿಗೆ ತರಬೇಕಿಲ್ಲ. ಹೆಚ್ಚು ಹೊತ್ತು ತಿರುಗುವ ಒಂದನ್ನು ಮೊದಲು ಬದಲಿಸಿದರಾಯಿತು, ದೇವರಮನೆಯದು ಕಾಯಲಿ.

ಇನ್ನು ಯಾವ ಸ್ವಿಚ್ಚು ಆರಿಸಿದರೂ ಇಳಿಯದ ಒಂದು ಸಾಲು ಬಿಲ್ಲಿನಲ್ಲಿದೆ: ನಿಗದಿತ ಶುಲ್ಕ. ಅದು ಬಳಕೆಯ ಮೇಲಲ್ಲ, ಮನೆಗೆ ಮಂಜೂರಾದ ಲೋಡಿನ ಮೇಲೆ, ಕಿಲೋವ್ಯಾಟಿಗೆ ತಿಂಗಳಿಗೆ ನೂರು ರೂಪಾಯಿಗೂ ಮೇಲೆ. ಮನೆ ಕಟ್ಟುವಾಗ ಇರಲಿ ಎಂದು 5 ಕಿಲೋವ್ಯಾಟ್ ಬರೆಸಿ, 3 ದಾಟದೆ ಬದುಕುವ ಮನೆಗಳು ಬೇಕಾದಷ್ಟಿವೆ. ಅವು ಬಳಸದ ಎರಡು ಕಿಲೋವ್ಯಾಟಿಗೆ ತಿಂಗಳು ತಿಂಗಳೂ ಇನ್ನೂರಕ್ಕೂ ಹೆಚ್ಚು ತೆರುತ್ತವೆ. ಲೋಡು ಇಳಿಸಿಕೊಡಿ ಎಂದು ಅರ್ಜಿ ಹಾಕಬಹುದು. ಹಾಗೆ ಇಳಿಸಿದ ಮೇಲೆ ಮಂಜೂರಾದದ್ದನ್ನು ಮೀರಿದರೆ ದಂಡ ಬೀಳುತ್ತದೆ, ಆದ್ದರಿಂದ ಬೆಳಗಿನ ಗಡಿಬಿಡಿಯಲ್ಲಿ ಗೀಸರು ಓಡುವಾಗ ಇಸ್ತ್ರಿ ಪೆಟ್ಟಿಗೆ ಸ್ವಲ್ಪ ಕಾಯಬೇಕು.