ಹೂಕೋಸಿನ ಮೊಸರನ್ನ

ಡಿಸೆಂಬರ್ ಬಂತೆಂದರೆ ಫರೀದಾಬಾದಿನಲ್ಲಿ ಹೂಕೋಸು ಕೇಳುವವರಿಲ್ಲದಷ್ಟು ಅಗ್ಗ. ತಳ್ಳುಗಾಡಿಯವನು ಒಂದು ಕೊಂಡರೆ ಇನ್ನೊಂದನ್ನು ತಾನಾಗಿ ಚೀಲಕ್ಕೆ ಹಾಕುತ್ತಾನೆ. ಅದನ್ನು ತುರಿಮಣೆಯಲ್ಲಿ ಸಣ್ಣಗೆ ತುರಿದು, ಹಬೆಯಲ್ಲಿ ಬೇಯಿಸಿ, ಒಂದು ಹಗಲು ಒಂದು ರಾತ್ರಿ ಹುಳಿಯಾದ ಮೊಸರಿನಲ್ಲಿ ಕಲಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟರೆ ನೋಡುವುದಕ್ಕೆ ಥೇಟ್ ಮೊಸರನ್ನ. ಅಕ್ಕಿ ಗೋಧಿ ಬಿಟ್ಟ ಪಥ್ಯದ ಅಡುಗೆ ಇದು, ಇಂಗು ಹಾಕುವ ಹಾಗಿಲ್ಲ. ಅಂಗಡಿಯ ಇಂಗಿನ ಡಬ್ಬಿಯ ಹಿಂಭಾಗವನ್ನು ಭೂತಗನ್ನಡಿ ಹಿಡಿದು ಓದಿದೆ, ಮೈದಾ ಬೆರೆಸಿದ್ದಾರೆ. ನಲವತ್ತು ವರ್ಷ ಸಾರಿಗೆ ಉದುರಿಸಿದ್ದು ಅರ್ಧ ಗೋಧಿ ಹಿಟ್ಟು ಎಂದು ಎಪ್ಪತ್ತರ ಹತ್ತಿರದಲ್ಲಿ ತಿಳಿಯಿತು.

ಕಣ್ಣಿಗೇನೋ ಮೊಸರನ್ನವೇ. ಆದರೆ ನನ್ನ ಮೊಮ್ಮಗ ಏನನ್ನೇ ಆಗಲಿ ಬಾಯಿಗಿಡುವ ಮೊದಲು ಮೂಸುವವನು. ಮೂಸಿದ, ತಟ್ಟೆಯನ್ನು ಎರಡು ಬೆರಳಿನಿಂದ ಮೇಜಿನ ಅಂಚಿನವರೆಗೆ ತಳ್ಳಿದ, ಎದ್ದು ಹೋದ. ಕೋಪವಿಲ್ಲ, ಅಳುವಿಲ್ಲ. ಇದು ನನ್ನದಲ್ಲ ಎನ್ನುವ ಹಾಗೆ.

ನಾನು ಹಾಸನದ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳು. ಚಳಿಗಾಲಕ್ಕೆ ಮಗಳ ಮನೆಗೆ ಬಂದುಬಿಡುತ್ತೇನೆ. ಬುದ್ಧಿಯಿರುವವರು ಚಳಿಗಾಲದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತಾರೆ ಎಂದು ಅಳಿಯ ನಗುತ್ತಾನೆ. ಆಗ್ರಾ ಕಾಲುವೆಯ ಆಚೆಗೆ, ಇಲ್ಲಿನವರು ನೆಹರ್‌ಪಾರ್ ಎನ್ನುವ ಹೊಸ ಬಡಾವಣೆಯಲ್ಲಿ ಅವರ ಫ್ಲ್ಯಾಟು. ಅಳಿಯ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರು. ಮೊಮ್ಮಗನಿಗೆ ಏಳು ವರ್ಷ. ಮೂರನೆಯ ವಯಸ್ಸಿನಲ್ಲಿ ಆಟಿಸಂ ಎಂದು ಗೊತ್ತಾಯಿತು. ಮಾತು ಕಡಮೆ, ಇರುವ ಮಾತು ಕನ್ನಡ ಹಿಂದಿ ಎರಡೂ ಕಲಸಿದ್ದು. ಲಿಫ್ಟಿನ ಅಂಕಿಗಳೆಂದರೆ ಪ್ರಾಣ.

ಅವನ ಊಟದ ಪಟ್ಟಿ ಚಿಕ್ಕದು. ಸೋನಾಮಸೂರಿ ಅನ್ನಕ್ಕೆ ಗಟ್ಟಿ ಮೊಸರು. ಪಾರ್ಲೆ-ಜಿ ಬಿಸ್ಕತ್ತು, ಮೂಲೆ ಮುರಿದಿರಕೂಡದು. ಹೊರಗೆ ಕಂದು ಚುಕ್ಕಿ ಬೀಳದ ಬಾಳೆಹಣ್ಣು. ಉಪ್ಪು ಹಾಕಿದ ಆಲೂ ಚಿಪ್ಸು. ಹಾಲು. ಇಷ್ಟೇ. ವರ್ಷ ಕಳೆದಂತೆ ಪಟ್ಟಿ ಬೆಳೆಯಲಿಲ್ಲ. ಮೊದಲು ತಿನ್ನುತ್ತಿದ್ದ ದೋಸೆ ಬಿಟ್ಟುಹೋಯಿತು. ಜೊತೆಗೆ ಹೊಟ್ಟೆ ಕಟ್ಟುವುದು. ದಿನಗಟ್ಟಲೆ ಕಟ್ಟಿಕೊಂಡು, ಕೊನೆಗೆ ನೋವಿನಿಂದ ಗೋಡೆಗೆ ತಲೆ ಒತ್ತಿ ನಿಲ್ಲುತ್ತಿದ್ದ. ಎಲ್ಲಿ ನೋವು ಎಂದು ಹೇಳಲಾರದ ಮಗುವಿನ ಹೊಟ್ಟೆನೋವನ್ನು ಸುತ್ತಲಿನವರು ಹಟ ಎಂದುಕೊಳ್ಳುತ್ತಾರೆ.

ಹೀಗಿರುವಾಗ ಮಗಳ ಕೈಗೆ ಗ್ಯಾಪ್ಸ್ ಎಂಬ ಪಥ್ಯದ ಪುಸ್ತಕ ಬಂತು. ರಷ್ಯಾದಲ್ಲಿ ವೈದ್ಯಕೀಯ ಓದಿ ಇಂಗ್ಲೆಂಡಿನಲ್ಲಿ ನೆಲೆಸಿದ ನತಾಶಾ ಕ್ಯಾಂಪ್‌ಬೆಲ್-ಮೆಕ್‌ಬ್ರೈಡ್ 2004ರಲ್ಲಿ ಬರೆದದ್ದು. ಆಕೆಯ ಮಗನಿಗೂ ಆಟಿಸಂ ಇತ್ತಂತೆ. ಕರುಳಿನ ಗೋಡೆ ಸೋರುತ್ತದೆ, ವಿಷ ರಕ್ತ ಸೇರಿ ಮಿದುಳಿಗೆ ಏರುತ್ತದೆ, ಕರುಳನ್ನು ಮಾಯಿಸಿದರೆ ಮಿದುಳು ತಿಳಿಯಾಗುತ್ತದೆ: ಇದು ವಾದ. ಅಕ್ಕಿ ಇಲ್ಲ, ಗೋಧಿ ಇಲ್ಲ, ರಾಗಿ ಜೋಳವೂ ಇಲ್ಲ. ಆಲೂಗಡ್ಡೆ, ಸಕ್ಕರೆ, ಬೆಲ್ಲ, ಸಾಬಕ್ಕಿ ಇಲ್ಲ. ಆರಂಭದಲ್ಲಿ ಹಾಲೂ ಇಲ್ಲ. ಮೂಳೆ ಕುದಿಸಿದ ರಸ, ಮಾಂಸ, ಬೇಯಿಸಿದ ತರಕಾರಿ, ತುಪ್ಪ, ಮೊಟ್ಟೆಯ ಹಳದಿ, ಹುಳಿ ಬರಿಸಿದ ಪದಾರ್ಥ. ಆರು ಮೆಟ್ಟಿಲು ಹತ್ತಿ ಪೂರ್ಣ ಪಥ್ಯಕ್ಕೆ ಬರಬೇಕು. ಅಲ್ಲಿಂದ ಒಂದೂವರೆ ಎರಡು ವರ್ಷ.

"ಅಮ್ಮ, ನೀನು ನಡುವೆ ಬಾಯಿ ಹಾಕಬಾರದು," ಎಂದಳು ಮಗಳು.

"ಹಾಕಲ್ಲ ಕಣೇ. ಆದ್ರೆ ಮೂಳೆ ಯಾರು ಕುದಿಸ್ತಾರೆ?"

ಮೂರು ತಲೆಮಾರಿನಿಂದ ಈರುಳ್ಳಿಯೇ ಅಪರೂಪವಾಗಿದ್ದ ಮನೆತನ ನಮ್ಮದು. ಅಳಿಯ ಎನ್‌ಐಟಿ ಬಡಾವಣೆಯ ಮಾರ್ಕೆಟಿಗೆ ಹೋಗಿ ಪಾಯಾದ, ಎಂದರೆ ಕಾಲಿನ, ಮೂಳೆ ತಂದ. ದೇಶ ಒಡೆದಾಗ ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ನಿರಾಶ್ರಿತರಿಗಾಗಿ ಕಟ್ಟಿದ ಊರು ಅದು. ಆ ಮಂದಿಗೆ ಪಾಯಾ ಎಂದರೆ ಚಳಿಗಾಲದ ಸುಖ. ನಮ್ಮ ಮನೆಯಲ್ಲಿ ಮಾತ್ರ ಅದು ಬಾಲ್ಕನಿಯ ಇಂಡಕ್ಷನ್ ಒಲೆಯ ಮೇಲೆ ಬೇರೆ ಪಾತ್ರೆಯಲ್ಲಿ ಕುದಿಯಿತು. ಪಾತ್ರೆ ತೊಳೆದವಳು ನಾನೇ. ಮಡಿ ಮೈಲಿಗೆಯ ಪ್ರಶ್ನೆ ನನಗೆ ಏಳಲಿಲ್ಲ; ಮಗು ಕುಡಿಯುತ್ತಾನೆಯೇ ಎಂಬುದೊಂದೇ ಪ್ರಶ್ನೆ. ಅವನು ಕುಡಿಯಲಿಲ್ಲ.

ಎದುರು ಮನೆಯ ಪಂಜಾಬಿ ಆಂಟಿಗೆ ಸಂಗತಿ ತಿಳಿಯಿತು. ಹುಳಿ ಬರಿಸಿದ್ದು ಒಳ್ಳೆಯದು ಎಂದರೆ ಆಕೆ ಸುಮ್ಮನಿರುತ್ತಾಳೆಯೇ, ಕಪ್ಪು ಗಜ್ಜರಿಯ ಕಾಂಜಿಯನ್ನು ಗಾಜಿನ ಜಾಡಿಯಲ್ಲಿ ತಂದಿಟ್ಟಳು. ಸಾಸಿವೆ ಪುಡಿ ಹಾಕಿ ಬಿಸಿಲಿಗಿಟ್ಟು ಹುಳಿ ಬರಿಸಿದ್ದು. ಮೊಮ್ಮಗ ಆ ನೇರಳೆ ಬಣ್ಣವನ್ನು ಬಿಸಿಲಿಗೆ ಹಿಡಿದು ಬೆಳಗೆಲ್ಲ ನೋಡಿದ, ಒಂದು ಹನಿ ಮುಟ್ಟಲಿಲ್ಲ. ಕುಡಿದದ್ದು ನಾನು. ಚೈತ್ರದ ನವರಾತ್ರಿಗೆ ಆಕೆ ಮತ್ತೆ ಬಂದಳು. ವ್ರತದ ಒಂಬತ್ತು ದಿನ ನಾವೂ ಗೋಧಿ ಅಕ್ಕಿ ಮುಟ್ಟುವುದಿಲ್ಲ, ಕುಟ್ಟುವಿನ ಪೂರಿ ಇದೆ, ಸಮಕ್ ಅಕ್ಕಿ ಇದೆ, ಸಿಂಘಾಡಾ ಹಿಟ್ಟು ಇದೆ, ಸಾಬಕ್ಕಿ ಇದೆ ಎಂದು ಒಂದೊಂದಾಗಿ ಹೇಳಿದಳು. ಮಗಳು ಒಂದೊಂದಕ್ಕೂ ತಲೆಯಾಡಿಸಿ ಇಲ್ಲ ಎಂದಳು. ಆಂಟಿ ಸೋತು ಹೇಳಿದ್ದು: ಇಷ್ಟು ಕಠಿಣ ವ್ರತವನ್ನು ಮಾತಾರಾಣಿಯೂ ಕೇಳುವುದಿಲ್ಲ ಬೇಟಾ.

ಪಥ್ಯ ನಮಗೇನೂ ಹೊಸದಲ್ಲ. ಜ್ವರಕ್ಕೆ ಗಂಜಿ, ಕಾಮಾಲೆಗೆ ಎಣ್ಣೆ ಬಿಡುವುದು, ಬಾಣಂತಿಗೆ ಮೆಣಸಿನ ಸಾರು ತುಪ್ಪ. ನನ್ನ ಅತ್ತೆ ನನಗೆ ಮೂರು ತಿಂಗಳು ತಣ್ಣೀರು ಮುಟ್ಟಗೊಡಲಿಲ್ಲ. ಆದರೆ ಆ ಪಥ್ಯಗಳಿಗೆಲ್ಲ ಒಂದು ಕೊನೆಯಿತ್ತು. ಜ್ವರ ಇಳಿದ ಮಾರನೆಯ ದಿನ ತಿಳಿಸಾರಿನ ಅನ್ನ ಉಣ್ಣಿಸಿ ಪಥ್ಯ ಮುರಿಯುತ್ತಿದ್ದರು. ಇನ್ನೂ ಒಂದು: ಪಥ್ಯ ಮಾಡುವವರಿಗೆ ಯಾಕೆ ಮಾಡುತ್ತಿದ್ದೇವೆ ಎಂದು ಗೊತ್ತಿರುತ್ತಿತ್ತು. ಏಳು ವರ್ಷದ ಈ ಹುಡುಗನಿಗೆ ಗೊತ್ತಾದದ್ದು ಇಷ್ಟೇ, ಈ ಮನೆಯಲ್ಲಿ ಇದ್ದಕ್ಕಿದ್ದಂತೆ ಅನ್ನ ಸಿಗುತ್ತಿಲ್ಲ. ಗ್ಯಾಪ್ಸ್ ಫಲಿಸದಿದ್ದರೆ ತಪ್ಪು ಪಥ್ಯದ್ದಲ್ಲ, ಎಲ್ಲೋ ಬಿಸ್ಕತ್ತಿನ ಚೂರು ಬಾಯಿಗೆ ಹೋಗಿರಬೇಕು ಎಂಬ ಮಾತು ಬೇರೆ ಕೇಳಿಬರುತ್ತದೆ. ಹೀಗೆ ಸೋಲೇ ಇಲ್ಲದ ವೈದ್ಯವನ್ನು ನಾನು ನಂಬುವುದಿಲ್ಲ.

ಇದರ ವಂಶವೃಕ್ಷ ಹುಡುಕುವ ಚಪಲ ನನಗೆ. ಗ್ಯಾಪ್ಸ್‌ನ ತಾಯಿ ಎಲೇನ್ ಗಾಟ್‌ಶಾಲ್ ಎಂಬಾಕೆ ಪ್ರಚಾರ ಮಾಡಿದ ಪಥ್ಯ. ಅದರ ಅಜ್ಜ ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್. ಸೀಲಿಯಾಕ್ ಎಂಬ ಕರುಳಿನ ರೋಗದಿಂದ ಮಕ್ಕಳು ಒಣಗಿ ಸಾಯುತ್ತಿದ್ದ ಕಾಲದಲ್ಲಿ, 1924ರಲ್ಲಿ, ಹಾಸ್ ಬಾಳೆಹಣ್ಣಿನ ಪಥ್ಯ ಹೇಳಿದ. ಬ್ರೆಡ್ಡು, ಆಲೂಗಡ್ಡೆ, ಧಾನ್ಯ ಎಲ್ಲ ನಿಲ್ಲಿಸಿ ದಿನವಿಡೀ ಬಾಳೆಹಣ್ಣು. ಮಕ್ಕಳು ನಿಜಕ್ಕೂ ಚೇತರಿಸಿಕೊಂಡವು. ಬಾಳೆಹಣ್ಣಿಗೆ ಕೀರ್ತಿ ಬಂತು. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲ, 1944-45ರಲ್ಲಿ, ಹಾಲೆಂಡಿನಲ್ಲಿ ಕ್ಷಾಮ ಬಿತ್ತು, ಬ್ರೆಡ್ಡು ಸಿಗದಾಯಿತು. ಊರೆಲ್ಲ ಹಸಿದಿದ್ದರೂ ಸೀಲಿಯಾಕ್ ಮಕ್ಕಳು ಸುಧಾರಿಸುತ್ತಿದ್ದವು, ಬ್ರೆಡ್ಡು ಮರಳಿದಾಗ ಮತ್ತೆ ಕಾಯಿಲೆ ಬಿದ್ದವು. ಗೋಧಿಯೇ ಕಾರಣವಿರಬೇಕು ಎಂದು ಮೊದಲಿನಿಂದ ಅನುಮಾನಿಸಿದ್ದ ವಿಲೆಮ್ ಡಿಕೆ ಎಂಬ ವೈದ್ಯನಿಗೆ ಅದು ಗಟ್ಟಿಯಾಯಿತು. ಗುಣಪಡಿಸಿದ್ದು ಬಾಳೆಹಣ್ಣಲ್ಲ, ಗೋಧಿ ಇಲ್ಲದಿದ್ದದ್ದು. ಹಾಸ್ ಕಂಡ ಫಲ ಸತ್ಯ, ಹೇಳಿದ ಕಾರಣ ಸುಳ್ಳು. ಸುಳ್ಳು ಕಾರಣವೇ ಮುಂದೆ ಮಕ್ಕಳು ಮೊಮ್ಮಕ್ಕಳನ್ನು ಹಡೆಯಿತು. ಪಾಪದ ಅಕ್ಕಿ ಮತ್ತು ಆಲೂಗಡ್ಡೆ ಇವತ್ತಿಗೂ ಬಹಿಷ್ಕಾರದಲ್ಲಿವೆ.

ಈ ಸೀಲಿಯಾಕ್ ಕಥೆ ಫರೀದಾಬಾದಿಗೆ ದೂರದ್ದಲ್ಲ. ದೆಹಲಿಯ ಏಮ್ಸ್‌ನ ಗೋವಿಂದ ಮಖಾರಿಯಾ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಉತ್ತರ ಭಾರತದ ಕಡೆ ನೂರಕ್ಕೆ 1.23 ಮಂದಿಯ ರಕ್ತದಲ್ಲಿ ಸೀಲಿಯಾಕ್‌ನ ಗುರುತು ಇತ್ತು, ದಕ್ಷಿಣದ ಕಡೆ 0.10. ಅದಕ್ಕೆ ಬೇಕಾದ ವಂಶವಾಹಿ ಎರಡೂ ಕಡೆ ಹೆಚ್ಚುಕಡಮೆ ಅಷ್ಟೇ. ತಿನ್ನುವ ಗೋಧಿ ಮಾತ್ರ ಬೇರೆ: ಇಲ್ಲಿ ದಿನಕ್ಕೆ 455 ಗ್ರಾಂ, ಅಲ್ಲಿ 25. ಎಂದರೆ ಅನ್ನದ ಊರಿನ ಮಗು ರೊಟ್ಟಿಯ ಊರಿನಲ್ಲಿ ಬೆಳೆಯುವಾಗ ಹೊಟ್ಟೆ ಕೆಟ್ಟರೆ ಆ ಅನುಮಾನ ನ್ಯಾಯವಾದದ್ದೇ. ಇಲ್ಲಿನ ಮಕ್ಕಳ ವೈದ್ಯೆ ಇದನ್ನೇ ಹೇಳಿದರು. ಪಥ್ಯ ಶುರು ಮಾಡುವ ಮುಂಚೆ ಸೀಲಿಯಾಕ್ ಪತ್ತೆಹಚ್ಚುವ ಟಿಟಿಜಿ ಎಂಬ ರಕ್ತಪರೀಕ್ಷೆ ಮಾಡಿಸಿ. ಗೋಧಿ ನಿಲ್ಲಿಸಿದ ಮೇಲೆ ಮಾಡಿಸಿದರೆ ರಕ್ತದಲ್ಲಿನ ಗುರುತು ಇಳಿದು, ರೋಗವಿದ್ದರೂ ಇಲ್ಲವೆಂದು ಬರಬಹುದು. ಪರೀಕ್ಷೆಗಾಗಿ ಮತ್ತೆ ವಾರಗಟ್ಟಲೆ ಗೋಧಿ ತಿನ್ನಿಸಬೇಕಾಗುತ್ತದೆ. ಮಾಡಿಸಿದೆವು. ಇವನಿಗೆ ಸೀಲಿಯಾಕ್ ಇರಲಿಲ್ಲ. ಹೊಟ್ಟೆ ಸಡಿಲಿಸಲು ನೀರಿಗೆ ಬೆರೆಸಿ ಕುಡಿಸುವ ಪುಡಿಯೊಂದನ್ನು ಬರೆದುಕೊಟ್ಟರು.

ಮಗಳು ಪುಡಿಯನ್ನೂ ಕೊಟ್ಟಳು, ಪಥ್ಯವನ್ನೂ ಹಿಡಿದಳು. ಹೊಟ್ಟೆ ಸಲೀಸಾಯಿತು. ರಾತ್ರಿ ಹೊತ್ತು ನಿದ್ದೆ ಬಂತು, ಗೋಡೆಗೆ ತಲೆ ಒತ್ತುವುದು ನಿಂತಿತು, ಶಾಲೆಯಲ್ಲಿ ಕುಳಿತುಕೊಳ್ಳುತ್ತಾನೆ ಎಂದರು. ನೋವು ಹೋದ ಮಗು ಶಾಂತವಾಗುವುದಕ್ಕೆ ಮಿದುಳು ತಿಳಿಯಾಗಬೇಕಾಗಿಲ್ಲ. ಆದರೆ ಅದು ಪುಡಿಯ ಗುಣವೋ ಪಥ್ಯದ ಗುಣವೋ? ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಪ್ರಯೋಗ ಕೆಟ್ಟಿತು ಎಂದು ಒಂಬತ್ತನೆಯ ತರಗತಿಗೆ ಪಾಠ ಹೇಳುತ್ತಿದ್ದವಳು, ಮಗಳ ಮುಖದಲ್ಲಿ ಅಷ್ಟು ದಿನದ ಮೇಲೆ ನಗು ಕಂಡು ಸುಮ್ಮನಿದ್ದೆ.

ಓದಿದ್ದನ್ನು ಆಮೇಲೆ ಅವಳ ಮುಂದೆ ಇಟ್ಟೆ. ಆಟಿಸಂ ಇರುವ ಮಕ್ಕಳಿಗೆ ಹೊಟ್ಟೆಯ ತೊಂದರೆ ಹೆಚ್ಚು ಎಂಬುದು ಕಟ್ಟುಕತೆಯಲ್ಲ. ಸಂಶೋಧನೆಗಳನ್ನೆಲ್ಲ ಒಟ್ಟು ಹಾಕಿ ನೋಡಿದವರು ಸುಮಾರು ನಾಲ್ಕು ಪಟ್ಟು ಎಂದಿದ್ದಾರೆ. ಲಿಯೊ ಕ್ಯಾನರ್ 1943ರಲ್ಲಿ ಮೊತ್ತಮೊದಲು ವರ್ಣಿಸಿದ ಹನ್ನೊಂದು ಮಕ್ಕಳಲ್ಲೇ ಅರ್ಧಕ್ಕಿಂತ ಹೆಚ್ಚಿನವರಿಗೆ ಶೈಶವದಲ್ಲಿ ಉಣ್ಣಿಸುವುದೇ ಯುದ್ಧವಾಗಿತ್ತು. ಆದರೆ ಹೊಟ್ಟೆಯನ್ನು ಸರಿಮಾಡಿದರೆ ಆಟಿಸಂ ಹೋಗುತ್ತದೆ ಎನ್ನುವುದು ಬೇರೆಯೇ ಮಾತು. ಅಮೆರಿಕದ ಸೂಸನ್ ಹೈಮನ್ ತಂಡ, ಹೊಟ್ಟೆಯ ರೋಗವಿಲ್ಲದ ಹದಿನಾಲ್ಕು ಮಕ್ಕಳಿಗೆ ಗೋಧಿ ಹಾಲು ಬಿಡಿಸಿ, ಯಾವ ತಿಂಡಿಯಲ್ಲಿ ಅವನ್ನು ಬೆರೆಸಿದೆ ಎಂದು ಯಾರಿಗೂ ಹೇಳದೆ ತಿನ್ನಿಸಿ ನೋಡಿತು. ನಡತೆ, ನಿದ್ದೆ, ಮಲ, ಯಾವುದರಲ್ಲೂ ವ್ಯತ್ಯಾಸವಿರಲಿಲ್ಲ. ಗ್ಯಾಪ್ಸ್‌ಗೆ ಇಷ್ಟು ಸಣ್ಣ ಪರೀಕ್ಷೆಯ ಬಲವೂ ಇಲ್ಲ. ನನ್ನನ್ನು ಕೂರಿಸಿ ಯೋಚಿಸುವಂತೆ ಮಾಡಿದ್ದು ಆಸ್ಟ್ರೇಲಿಯದವರು 2021ರಲ್ಲಿ 247 ಮಕ್ಕಳ ಮಲದಲ್ಲಿನ ಸೂಕ್ಷ್ಮಜೀವಿಗಳನ್ನು ಎಣಿಸಿ ಬರೆದದ್ದು. ಕರುಳಿನ ಜೀವಿಗಳು ಕೆಟ್ಟು ಆಟಿಸಂ ಬರುವುದಲ್ಲ, ಆಟಿಸಂನಿಂದಾಗಿ ಮಗು ನಾಲ್ಕೇ ಪದಾರ್ಥ ತಿನ್ನುತ್ತದೆ, ನಾಲ್ಕೇ ತಿನ್ನುವುದರಿಂದ ಕರುಳಿನ ಜೀವಿಗಳ ವೈವಿಧ್ಯ ಕುಗ್ಗುತ್ತದೆ ಎಂದು ಅವರ ಲೆಕ್ಕ. ಹಾಗಿದ್ದರೆ ಆ ನಾಲ್ಕರಲ್ಲಿ ಮೂರನ್ನು ಕಿತ್ತುಕೊಳ್ಳುವುದು ಯಾವ ಚಿಕಿತ್ಸೆ?

ಮಗಳು ಓದಿ ಮುಗಿಸಿ ಹೇಳಿದ್ದನ್ನೂ ಬರೆಯಬೇಕು. "ಅಮ್ಮ, ನಾಲ್ಕು ವರ್ಷದಿಂದ ಎಲ್ಲರೂ ನನಗೆ ಕಾಯಿ ಅಂತಾರೆ. ಥೆರಪಿಯವರು ಬಾಗಿಲು ಹಾಕ್ಕೊಂಡು ಒಳಗೆ ಮಾಡ್ತಾರೆ, ನಾನು ಹೊರಗೆ ಬೆಂಚಿನ ಮೇಲೆ. ಇದೊಂದೇ ನನ್ನ ಕೈಲಿ ಮಾಡೋದು ಅಂತ ಸಿಕ್ಕಿದ್ದು."

ಪಥ್ಯ ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ವೈದ್ಯರಿಗೂ ಗೊತ್ತಿದ್ದಿದ್ದರೆ ಆ ಪುಸ್ತಕಗಳು ಅಷ್ಟು ಖರ್ಚಾಗುತ್ತಿರಲಿಲ್ಲ. ಬೆಂಚಿನ ಮೇಲೆ ಕೂತ ತಾಯಿಗೆ ಕೈಯಾರೆ ಮಾಡುವುದಕ್ಕೆ ಅವರು ಏನನ್ನಾದರೂ ಹೇಳಿಕೊಡಬೇಕಿತ್ತು.

ಪಥ್ಯವನ್ನು ನಿಲ್ಲಿಸಿದ್ದು ನನ್ನ ಓದಲ್ಲ, ತೂಕದ ಯಂತ್ರ. ಪ್ಯಾಂಟು ಸೊಂಟದಿಂದ ಜಾರತೊಡಗಿತು. ವೈದ್ಯೆ ತೂಗಿ ನೋಡಿ, ಬೆಳೆಯುವ ಮಗು ಇಳಿಯಬಾರದು ಎಂದಷ್ಟೇ ಅಂದರು. ಹಣ್ಣು ತರಕಾರಿ ಬಿಟ್ಟು ಬಿಸ್ಕತ್ತು ಹಾಲಿನ ಮೇಲೆಯೇ ಇದ್ದ ಆಟಿಸಂ ಮಕ್ಕಳಿಗೆ ಈ ಕಾಲದಲ್ಲೂ ಸ್ಕರ್ವಿ ಬಂದು, ಕಾಲುನೋವೆಂದು ಆಸ್ಪತ್ರೆ ಸೇರಿದ ವರದಿಗಳಿವೆ ಎಂದು ಅವರೇ ಹೇಳಿದರು. ಪಟ್ಟಿ ಸಣ್ಣದಾಗಿಸುವುದು ಸುಲಭ, ದೊಡ್ಡದಾಗಿಸುವುದೇ ಕೆಲಸ. ಅವತ್ತು ರಾತ್ರಿ ಕುಕ್ಕರು ಕೂಗಿತು. ಅನ್ನ ಆರುವ ತನಕ ಹುಡುಗ ಅಡುಗೆಮನೆಯ ಬಾಗಿಲು ಬಿಟ್ಟು ಕದಲಲಿಲ್ಲ.

ಪಥ್ಯದ ಪಟ್ಟಿಯಿಂದ ಅವನು ಇಟ್ಟುಕೊಂಡದ್ದು ಒಂದೇ, ಸಿಹಿಗುಂಬಳ. ಚಿಪ್ಸಿನ ಹಾಗೆ ಉದ್ದುದ್ದ ಹೆಚ್ಚಿ ತುಪ್ಪದಲ್ಲಿ ಹುರಿದದ್ದು. ಅದೂ ಸುಮ್ಮನೆ ಬರಲಿಲ್ಲ. ಮೊದಲು ಪಕ್ಕದ ತಟ್ಟೆಯಲ್ಲಿ ಇರಲು ಒಪ್ಪಿದ, ಆಮೇಲೆ ಮುಟ್ಟಿದ, ಮೂಸಿದ, ನೆಕ್ಕಿ ಉಗಿದ, ಎಷ್ಟೋ ದಿನದ ಮೇಲೆ ಕಚ್ಚಿದ. ಮಗಳಿಗೆ ಈಗ ಕೈಯಲ್ಲಿ ಮಾಡುವ ಕೆಲಸ ಇದೇ: ದಿನಕ್ಕೊಂದು ಹೊಸ ಚೂರನ್ನು ಅವನ ಕಣ್ಣಿಗೆ ಬೀಳುವ ಹಾಗೆ ಇಡುವುದು, ಒತ್ತಾಯಿಸದಿರುವುದು. ರಾಗಿ ದೋಸೆ ಸದ್ಯಕ್ಕೆ ಮುಟ್ಟುವ ಹಂತದಲ್ಲಿದೆ. ಪುಡಿ ಮುಂದುವರಿದಿದೆ. ಮಾತು ಎಷ್ಟಿತ್ತೋ ಅದಕ್ಕಿಂತ ಸ್ವಲ್ಪ ಹೆಚ್ಚಾಗಿದೆ. ಅದು ಯಾವುದರಿಂದ ಎಂದು ಈ ಮನೆಯಲ್ಲಿ ಯಾರೂ ವಾದಿಸುವುದಿಲ್ಲ.

ಇಂಥ ಪಥ್ಯ ಹಿಡಿಯಬೇಕೆಂದು ಯೋಚಿಸುತ್ತಿರುವ ತಂದೆತಾಯಿಯರಿಗೆ ನನ್ನದೊಂದು ಕೋರಿಕೆ. ಗೋಧಿ ನಿಲ್ಲಿಸುವ ಮೊದಲು ಸೀಲಿಯಾಕ್ ರಕ್ತಪರೀಕ್ಷೆ ಮಾಡಿಸಿ, ಆಮೇಲಲ್ಲ. ಹೊಟ್ಟೆ ಕಟ್ಟಿದ್ದರೆ ಅದಕ್ಕೆ ಅದರದೇ ಔಷಧ ಕೊಡಿಸಿ, ಆಟಿಸಂನ ಒಂದು ಗುಣವೆಂದು ಯಾರಾದರೂ ತಳ್ಳಿಹಾಕಿದರೆ ಬೇರೆ ವೈದ್ಯರನ್ನು ನೋಡಿ. ತಿಂಗಳಿಗೊಮ್ಮೆ ತೂಕ ಬರೆದಿಡಿ. ಮತ್ತೆ, ಮಗುವಿನ ತಟ್ಟೆಯಿಂದ ಒಂದನ್ನು ತೆಗೆಯುವ ಮುಂಚೆ ಇನ್ನೊಂದನ್ನು ಸೇರಿಸಿ. ಅದನ್ನು ಮಗು ತಿನ್ನುತ್ತದೆ ಎಂದು ಗಟ್ಟಿಯಾಗುವ ತನಕ ಹಳೆಯದನ್ನು ಮುಟ್ಟಬೇಡಿ.