ಅಳಿಯಂದಿರ ಸೀಸೆ

ಕಾಫಿಯ ಹದ ಬಲ್ಲವರಿಗೆ ಮಿಶ್ರಣದ ಗುಟ್ಟು ಹೊಸದೇನಲ್ಲ. ಹಾಸನದ ಅಂಗಡಿಯಲ್ಲಿ ಪ್ಲಾಂಟೇಷನ್ನಿಗೆ ಪೀಬರಿ ಎಷ್ಟು ಸೇರಬೇಕೆಂದು ಗಂಟೆಗಟ್ಟಲೆ ವಾದಿಸುವ ಹೊಳೆನರಸೀಪುರದ ನಿವೃತ್ತ ಉಪಾಧ್ಯಾಯರೊಬ್ಬರಿಗೆ, ಜಪಾನಿನಿಂದ ಬಂದ ಅಳಿಯಂದಿರು ‘ಟಾಕೆತ್ಸುರು ಪ್ಯೂರ್ ಮಾಲ್ಟ್’ ವಿಸ್ಕಿಯ ವೃತ್ತಾಂತವನ್ನು ಹೇಳಿದ್ದೂ ಅದೇ ಭಾಷೆಯಲ್ಲಿ: ಯೋಯಿಚಿ, ಮಿಯಾಗಿಕ್ಯೋ ಎಂಬ ಎರಡು ಭಟ್ಟಿಗಳ ಮೊಳಕೆ ಬಾರ್ಲಿಯ ಮದ್ಯ ಇದರಲ್ಲಿ ಬೆರೆತಿದೆ, ಬೇರೆ ಧಾನ್ಯದ್ದು ಸೇರಿಲ್ಲ. 1918ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಈ ವಿದ್ಯೆ ಕಲಿತ ಮಸಾಟಾಕ ಟಾಕೆತ್ಸುರು 1934ರಲ್ಲಿ ಯೋಯಿಚಿಯಲ್ಲಿ ಸ್ವಂತ ಕಾರ್ಖಾನೆಯನ್ನು ಸ್ಥಾಪಿಸಿದನು.

ಉಪಾಧ್ಯಾಯರು ಕುಡಿಯಲಿಲ್ಲ. ಅರಕಲಗೂಡಿನಲ್ಲಿದ್ದ ಅವರ ತಮ್ಮನನ್ನು ನಲವತ್ತು ತುಂಬುವ ಮೊದಲೇ ಬಲಿ ತೆಗೆದುಕೊಂಡದ್ದು ಕುಡಿತವೇ. ಆದರೂ ಎರಡು ಹನಿ ನೀರು ಬಿದ್ದೊಡನೆ ಲೋಟದಿಂದ ಎದ್ದ ಪರಿಮಳವನ್ನು ಮೂಸಿ, “ಮೊದಲು ಒಣದ್ರಾಕ್ಷಿ, ಅದರ ಹಿಂದೆಯೇ ಆಲೆಮನೆಯ ಹೊಗೆ” ಎಂದರು. ಮೂಗಿನ ಮಡಿಯಷ್ಟೇ ಕೆಟ್ಟಿತೆನ್ನೋಣ!

“ದಿನವೂ ತೆಗೆದುಕೊಳ್ಳುವಿರೋ?”

“ಇಲ್ಲ ಮಾವ. ಭಾನುವಾರ ಮಾತ್ರ, ಇಷ್ಟೇ.”

ಉಪಾಧ್ಯಾಯರು ನೋಡಿದ್ದು ಬಾಗಿಲ ಬಳಿ ನಿಂತಿದ್ದ ಮಗಳ ಮುಖವನ್ನು.

ಸೋಮವಾರ ದಂಪತಿಗಳು ಸೀಸೆಯೊಡನೆ ಚನ್ನರಾಯಪಟ್ಟಣದ ಬೀಗರ ಮನೆಗೆ ಹೊರಡುವ ಮುನ್ನ, ಸೀಸೆಯ ಚೀಟಿಯ ಮೇಲೆ ಸಣ್ಣದೊಂದು ಪೆನ್ಸಿಲ್ ಗೆರೆ ಮೂಡಿತ್ತು. ಶನಿವಾರ ಅವರು ಮರಳಿದಾಗ ಮದ್ಯ ಆ ಗೆರೆಯ ಮಟ್ಟದಲ್ಲಿಯೇ ಇತ್ತು.